ಸಡಿಲವಾಗಿ ಕೂರಲು ಬಾರದ ಕಂಪ್ಯೂಟರ್ ಮನುಷ್ಯ

ಇಂಥವೆಲ್ಲ ನಿಮಗೇ ಯಾಕ್ರೀ ಆಗುತ್ತವೆ ಎಂದು ಈಗಲೂ ಕೇಳುತ್ತಾರೆ. ಜನರನ್ನು ಕೂರಿಸಿ ಅಲುಗಾಡಿಸುವುದೇ ಉದ್ಯೋಗವಾಗಿದ್ದವನಿಗೆ ಇಂಥವಲ್ಲದೆ ಇನ್ನೆಂಥವು ಆಗಬೇಕು?

ಎಂಬತ್ತರ ದಶಕದ ಮಾತು. ಪೀಣ್ಯದಲ್ಲಿ ನಮ್ಮದು ಟ್ರ್ಯಾಕ್ಟರ್ ಸೀಟು ಮಾಡುವ ಸರ್ಕಾರಿ ಕಾರ್ಖಾನೆ. ಹೊಸದಾಗಿ ಬಂದ ಕಂಪ್ಯೂಟರಿನೊಳಗೆ ನಾವೊಬ್ಬ ಮನುಷ್ಯನನ್ನು ಮಾಡಿಟ್ಟಿದ್ದೆವು. ತಲೆ, ಎದೆ, ಸೊಂಟ ಅಂತ ಮೂರು ತೂಕ. ನಡುವೆ ಸ್ನಾಯುಗಳ ಬದಲು ಸ್ಪ್ರಿಂಗು. ಎಲ್ಲ ಬರೀ ಲೆಕ್ಕದಲ್ಲಿ. ಸೀಟು ಅಲುಗಿದರೆ ತನ್ನ ತಲೆ ಎಷ್ಟು ಅಲುಗುತ್ತದೆಂದು ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತಿದ್ದ. ನಮಗೆ ಗೊತ್ತಿಲ್ಲದ್ದು ಒಂದೇ: ಕೂತ ಮನುಷ್ಯನ ಸ್ನಾಯು ಎಷ್ಟು ಬಿಗಿ?

ಹೆಡ್ಡಾಫೀಸಿನ ಡೈರೆಕ್ಟರ್ ನೋಡಲು ಬರುವವರಿದ್ದರು. ಅಷ್ಟರಲ್ಲಿ ಇವನ ಗೆರೆ ನಿಜವಾದ ಮನುಷ್ಯನ ಗೆರೆಗೆ ಹೊಂದದಿದ್ದರೆ ವಿಭಾಗಕ್ಕೆ ಬೀಗ, ನಾನು ಊರಾಚೆ ಅತ್ತಿಬೆಲೆಯ ಗೋಡೌನಿಗೆ ಎಂದು ಅವರೇ ಬರೆದಿದ್ದರು. ಮನೆ ರಾಜಾಜಿನಗರದಲ್ಲಿ. "ಅತ್ತಿಬೆಲೆಗೆ ಹೋಗೋದಾದ್ರೆ ಕ್ಯಾರಿಯರ್ ಜತೆಗೆ ಹಾಸಿಗೇನೂ ಕಟ್ಕೊಡ್ತೀನಿ" ಎಂದಳು ನನ್ನ ಹೆಂಡತಿ.

೧. ಎದುರಿಗೆ ಮ್ಯಾನೇಜರ್

ಅಲುಗುವ ಹಲಗೆಯ ಮೇಲೆ ಸೀಟು, ಸೀಟಿನ ಮೇಲೆ ಒಬ್ಬೊಬ್ಬರಾಗಿ ನಮ್ಮ ನೌಕರರು, ಅವರ ತಲೆಗೆ ಅಲುಗಾಟ ಅಳೆಯುವ ಪಟ್ಟಿ. ಮ್ಯಾನೇಜರ್ ಶಿಸ್ತಿನ ಮನುಷ್ಯ. ಕೈಕಟ್ಟಿಕೊಂಡು ಎದುರಿಗೇ ನಿಂತರು. ಲೆಕ್ಕ ಹಾಕಿದರೆ ಮರದ ಕಂಬದ ಬಿಗಿತ ಬಂತು. ನಮ್ಮ ಟ್ರ್ಯಾಕ್ಟರ್ ಡ್ರೈವರಂತೂ ಉಸಿರು ಕಟ್ಟಿ ಕೂತಿದ್ದ.

"ಹೊಲದಲ್ಲೂ ಹೀಗೇ ಕೂರ್ತೀಯೇನಯ್ಯ?" ಎಂದೆ.

"ಒಲ್ದಾಗೆ ಸಾಯೇಬ್ರು ನಿಂತಿರಾಕಿಲ್ವಲ್ಲ ಸಾ."

೨. ಸಡಿಲ ಬಿಡಲು ಆಜ್ಞೆ

ಮ್ಯಾನೇಜರಿಗೆ ಅರ್ಥವಾಯಿತು. "ಎಲ್ರೂ ರಿಲ್ಯಾಕ್ಸ್ ಆಗ್ಬೇಕು" ಎಂದು ಗದರಿದರು. ಬಿಗಿತ ಇನ್ನಷ್ಟು ಏರಿತು. ಮಾರನೆಯ ದಿನ ಸುತ್ತೋಲೆ ಬಂತು: ಪರೀಕ್ಷೆಯ ವೇಳೆ ಸ್ನಾಯು ಸಡಿಲ ಬಿಡದವರ ಮೇಲೆ ಶಿಸ್ತುಕ್ರಮ.

ಅಂದಿನಿಂದ ಕ್ಯಾಂಟೀನಿನಲ್ಲಿ ಕಾಫಿ ಕುಡಿಯುವವರೂ ನೆಟ್ಟಗೆ ಕೂರತೊಡಗಿದರು.

೩. ಬಿಸಿಬೇಳೆಬಾತಿನ ನಂತರ

ಮ್ಯಾನೇಜರನ್ನು ಹೇಗೋ ಒಪ್ಪಿಸಿ ಅವರ ಕೋಣೆಯಲ್ಲೇ ಉಳಿಸಿದೆ. ಊಟದ ಬಳಿಕ ಫೋರ್‌ಮನ್ನನ್ನು ಕೂರಿಸಿದೆ. ಆ ದಿನ ಬಿಸಿಬೇಳೆಬಾತು. ಹಲಗೆಯೋ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಮನುಷ್ಯ ಗೊರಕೆ ಹೊಡೆದುಬಿಟ್ಟ. ಅವನ ಬಿಗಿತವನ್ನು ಕಂಪ್ಯೂಟರಿಗೆ ಕೊಟ್ಟೆ. ಕಂಪ್ಯೂಟರ್ ಮನುಷ್ಯನ ತಲೆ ಇಳಿದು ಇಳಿದು ಅವನ ಸೊಂಟಕ್ಕೇ ಬಂತು.

ಮ್ಯಾನೇಜರ್ ಗೆರೆ ನೋಡಿ ಗಾಬರಿಯಾದರು. "ಇವನಿಗೇನಾಯ್ತ್ರೀ?"

"ಊಟ ಆಯ್ತು ಸಾರ್."

೪. ಡೈರೆಕ್ಟರ್ ಬಂದರು

ಕೊನೆಗೆ ಮ್ಯಾನೇಜರೇ ಸೀಟು ಹತ್ತಿದರು. "ಈ ಕಾರ್ಖಾನೇಲಿ ಸಹಜವಾಗಿ ಕೂರೋನು ನಾನೊಬ್ನೇ ಕಣ್ರೀ." ನಿಜವೇ, ಅವರ ಮೇಲೆ ಅಲ್ಲಿ ಯಾರೂ ಇರಲಿಲ್ಲ. ಅವರ ಬಿಗಿತ ಕೊಟ್ಟೆ. ಎರಡು ಗೆರೆಗಳೂ ಹೊಂದಿದವು. ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಡೈರೆಕ್ಟರ್ ಬಂದು ಕೈಕಟ್ಟಿ ಎದುರಿಗೇ ನಿಂತರು. ಮ್ಯಾನೇಜರ್ ಸೀಟಿನ ಮೇಲೆ ಕಂಬವಾದರು. ಅವರ ಗೆರೆ ಒಂದು ಕಡೆ, ಕಂಪ್ಯೂಟರಿನದು ಇನ್ನೊಂದು ಕಡೆ.

"ಇಷ್ಟೇನಾ?" ಎಂದರು ಡೈರೆಕ್ಟರ್.

ಕಣ್ಣೆದುರಿಗೆ ಅತ್ತಿಬೆಲೆ ಬಂತು. ಥಟ್ಟನೆ ಮೊದಲ ದಿನದ ಕಂಬದ ಬಿಗಿತ ಕೊಟ್ಟೆ. ಗೆರೆಯ ಮೇಲೆ ಗೆರೆ ಕೂತಿತು.

"ಈ ಬಿಗಿತ ಎಲ್ಲಿಂದ ತಂದ್ರಿ?"

"ಮ್ಯಾನೇಜರ್ ಮುಂದೆ ಕೂತಾಗಿನ ನಮ್ಮದೇ ಸಾರ್."

ಡೈರೆಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಳ್ರೀ, ನಾನು ಕೂರ್ತೀನಿ. ನನ್ನ ಸ್ನಾಯು ಯಾರಿಗೂ ಬಿಗಿಯಾಗಲ್ಲ." ಪಟ್ಟಿ ಕಟ್ಟಿಸಿಕೊಂಡು ಆರಾಮಕುರ್ಚಿಯಲ್ಲಿ ಕೂತ ಹಾಗೆ ಕೂತರು. ಹಿಂದಿನ ದಿನದ ಮ್ಯಾನೇಜರ್ ಬಿಗಿತ ಅವರಿಗೂ ಸರಿಹೋಯಿತು.

ಆಗ ಕೊಠಡಿಯ ಫೋನು ಬಡಿದುಕೊಂಡಿತು. ಎತ್ತಿದ ಮ್ಯಾನೇಜರ್ ಮೆಲ್ಲಗೆ ಹೇಳಿದರು: "ಸಾರ್, ದೆಹಲಿ. ಮಂತ್ರಿಗಳೇ ಲೈನಲ್ಲಿದ್ದಾರೆ."

ಡೈರೆಕ್ಟರ್ ಅಲುಗುತ್ತಲೇ ಫೋನು ತೆಗೆದುಕೊಂಡು "ಎಸ್ ಸರ್" ಎಂದರು. ಅವರ ಗೆರೆ ನೆಗೆಯಿತು. ನಾನು ಯಾರನ್ನೂ ಕೇಳದೆ ಕಂಬದ ಬಿಗಿತ ಕೊಟ್ಟೆ. ಗೆರೆಯ ಮೇಲೆ ಗೆರೆ.

ಫೋನಿಟ್ಟ ಡೈರೆಕ್ಟರ್ ಸೀಟಿನಿಂದ ಇಳಿದು ಕಾಗದ ನೋಡಿದರು.

"ವಿಭಾಗ ಇರ್ಲಿ" ಎಂದರು. "ಆ ಫೋನನ್ನ ಮಾತ್ರ ಅತ್ತಿಬೆಲೆಗೆ ಕಳಿಸಿ."