ಕುದುರೆಗೆ ಕಣ್ಣು ಬರೆದವನು

ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆಧಾರವಿಲ್ಲದೆ ಏನನ್ನೂ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಈ ವಿದ್ಯೆಯಿಂದ ಮನೆಯಲ್ಲಿ ನಾನು ಸಂಪಾದಿಸಿದ್ದು ಬೈಗುಳ ಮಾತ್ರ. ರೊಟ್ಟಿ ಬಿಸಿಯಿದೆ ಎಂದರೂ ಮುಟ್ಟಿ ನೋಡಿಯೇ ಒಪ್ಪುವ ಮನುಷ್ಯ ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಇಂಥ ನಾನು ಯಾವ ಆಧಾರವೂ ಇಲ್ಲದೆ ಐವತ್ತು ವರ್ಷ ನಂಬಿಕೊಂಡು ಬಂದದ್ದು ಒಂದೇ ಒಂದು: ಆಯಿ ಬರೆದ ಕುದುರೆಗೆ ಕಣ್ಣು ಬರೆದವನು ನಾನು.

ಆಯಿ ಎಂದರೆ ನನ್ನ ತಂದೆಯ ತಾಯಿ. ಸುರಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದಳು. ನಿಜಾಮನ ಕಾಲದಲ್ಲಿ ಮಕ್ಕಳಿಗೆ ಅವಳು ‘ಉಸ್ತಾನಿ’. ನಾವು ಮೈಸೂರು ರಾಜ್ಯಕ್ಕೆ ಸೇರುವ ಹೊತ್ತಿಗೆ ‘ಅಕ್ಕೋರು’ ಆಗಿದ್ದಳು. ಶಾಲೆಯ ಬೋರ್ಡು ಬದಲಾಯಿತು, ಪಾಠ ಉರ್ದುವಿನಿಂದ ಕನ್ನಡಕ್ಕೆ ಬಂತು, ಉಳಿದ ಮಾಸ್ತರರು ಹೊಸ ಪುಸ್ತಕ ಹಿಡಿದು ಒದ್ದಾಡಿದರು. ಆಯಿಗೆ ಮಾತ್ರ ಏನೂ ಆಗಲಿಲ್ಲ. “ಕುದರಿಗೆ ಯಾವ ಭಾಷಾ ಅದ ಹೇಳು? ಆಗೂ ಮೊದಲ ಬೆನ್ನು, ಆಮ್ಯಾಲ ಹೊಟ್ಟಿ. ಈಗೂ ಅಷ್ಟೇ,” ಎನ್ನುತ್ತಿದ್ದಳು.

ಕಣ್ಣು ಮಾತ್ರ ಎಲ್ಲಕ್ಕಿಂತ ಕೊನೆಗೆ. ಅದಕ್ಕೆ ಅಳಿಲಿನ ಬಾಲದ ಕೂದಲಿನಿಂದ ಅವಳೇ ಕಟ್ಟಿದ ಕುಂಚ ಬೇರೆ ಇತ್ತು. ನನಗಾಗ ಏಳು ವರ್ಷ. ಒಂದು ದಿನ ಆ ಕುಂಚವನ್ನು ನನ್ನ ಕೈಗೆ ಕೊಟ್ಟಳು, ಉಸಿರು ಬಿಗಿಹಿಡಿದು ತುಂಬುಗಣ್ಣು ಬರೆದೆ, “ಶಾಬಾಸ್!” ಅಂದಳು. ಆಮೇಲೆ ಜನ್ಮದಲ್ಲಿ ನಾನೊಂದು ನೆಟ್ಟಗಿನ ಗೆರೆ ಎಳೆದಿಲ್ಲ. ಆಯಿಯ ಶಿಷ್ಯ ಎಂದು ಹೇಳಿಕೊಳ್ಳಲು ನನಗಿರುವುದು ಆ ಒಂದು ಕಣ್ಣು.

ಈಗ ಆ ಶಾಲೆಯವರು ಆಯಿಯ ನೆನಪಿಗೆ ಚಿತ್ರವನ್ನು ಗೋಡೆಗೆ ಹಾಕುತ್ತಾರಂತೆ, ಕೆಳಗೆ ಒಂದು ಚೀಟಿ ಬೇಕು ಎಂದರು. ‘ಕುದುರೆ: ಅಕ್ಕೋರು. ಕಣ್ಣು: ಮೊಮ್ಮಗ’ ಎಂದು ಬರೆದುಕೊಂಡು ಯಾದಗಿರಿಯಿಂದ ಬಸ್ಸು ಹಿಡಿದು ಶಹಾಪುರಕ್ಕೆ, ಅಕ್ಕನ ಮನೆಗೆ ಹೋದೆ. ಚಿತ್ರ ಇದ್ದದ್ದು ಅವಳ ಅಡುಗೆಮನೆಯ ಗೋಡೆಯಲ್ಲಿ, ಹೊಗೆಗೆ ಮಬ್ಬಾದ ಗಾಜಿನ ಹಿಂದೆ. ಅಕ್ಕ ಚೀಟಿ ಓದಿ ನಕ್ಕಳು.

“ಕಣ್ಣ ಬರದಾಕಿ ನಾನೋ ಮಲ್ಲು. ನಿನಗಾಗ ಚಡ್ಡಿ ಗುಂಡಿ ಹಾಕ್ಕೊಳ್ಳಾಕ ಬರ್ತಿರಲಿಲ್ಲ.”

ಚಹಾ ಕುಡಿಯುತ್ತಿದ್ದ ಪಕ್ಕದ ಮನೆಯ ಶರಣಮ್ಮ ಬಸಿ ಕೆಳಗಿಟ್ಟರು. ಅವರೂ ಆಯಿಯ ಹಳೆಯ ವಿದ್ಯಾರ್ಥಿನಿ. “ಇಬ್ಬರೂ ಸುಮ್ಮನಿರ್ರಿ. ಅಕ್ಕೋರು ನನ್ನ ಕೈಲೆ ಬರಸ್ಯಾರ. ಶಾಬಾಸ್ ಅಂದಾರ!”

ಪಕ್ಕಕ್ಕೆ ತಿರುಗಿ ನಿಂತ ಕುದುರೆ, ಕಣ್ಣು ಒಂದೇ, ಹಕ್ಕುದಾರರು ಮೂವರು. ಆಧಾರ ನೋಡೋಣ ಎಂದು ನಾನು ಚಿತ್ರ ಇಳಿಸಿ, ಗಾಜು ತೆಗೆದು, ಕಣ್ಣಿನ ಮೇಲೆ ಮೆಲ್ಲಗೆ ಬೆರಳಾಡಿಸಿದೆ. ಅಲ್ಲಿ ಬಣ್ಣ ತೊಗರಿಬೇಳೆಯಷ್ಟು ದಪ್ಪ ಉಬ್ಬಿತ್ತು.

ಶರಣಮ್ಮನವರೂ ಮುಟ್ಟಿ ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡರು. “ಹೌದಲ್ರಿ! ಮರುದಿನ ಸಾಲಿಗೆ ಹೋದ್ರ ಕಣ್ಣ ಇರ್ತಿರಲಿಲ್ಲ. ಮ್ಯಾಲ ಬಿಳೀ ಬಣ್ಣ ಹಚ್ಚಿ, ‘ಕುದರಿ ಮಲಗ್ಯಾದ, ಇವತ್ತ ಯಾರು ಎಬ್ಬಸ್ತೀರಿ?’ ಅಂತಿದ್ರು ಅಕ್ಕೋರು.”

ಆ ಬೇಳೆಯಷ್ಟು ದಪ್ಪದೊಳಗೆ ಎಷ್ಟು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರೋ! ಮೂವರೂ ಹೇಳಿದ್ದು ನಿಜವೇ ಆಗಿತ್ತು. ಎಲ್ಲವನ್ನೂ ಅನುಮಾನಿಸುವ ನಾನೂ ಒಪ್ಪಿದೆ. ಆದರೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಎಲ್ಲಕ್ಕಿಂತ ಮೇಲಿನ ಕಣ್ಣಿನ ಗುಡ್ಡೆ ಮೂಲೆಗೆ ಜಾರಿತ್ತು. ಕುದುರೆ ತನ್ನ ಬಾಲವನ್ನೇ ಗಾಬರಿಯಿಂದ ನೋಡುತ್ತಿತ್ತು.

“ಪಾಪ, ಯಾರದೋ ಏನೋ,” ಎಂದೆ.

“ಯಾರದೋ ಅಲ್ಲ, ಈಗ ನೆನಪಾತು,” ಎಂದಳು ಅಕ್ಕ. “ಇದನ್ನ ತಿದ್ದತೀನಿ ಅಂತ ನಾ ಕುಂಚ ಹಿಡಿದಿದ್ದೆ. ಆಯಿ ನನ್ನ ಕೈ ಹಿಡದ್ಲು. ‘ಇರಲಿ ಬಿಡವ್ವ, ಮಲ್ಲೂಗ ಹಂಗ ಕಂಡದ. ಇದರ ಮ್ಯಾಲ ಇನ್ನ ಬಿಳಿ ಹಚ್ಚೂದಿಲ್ಲ’ ಅಂದ್ಲು.”

ಇಷ್ಟು ಗಟ್ಟಿಯಾದ ಆಧಾರ ನನಗೆ ಜೀವನದಲ್ಲಿ ಸಿಕ್ಕಿರಲಿಲ್ಲ. “ಅಕ್ಕಾ, ನೆನಪು ಭಾಳ ನಂಬೂದಲ್ಲ,” ಎನ್ನುತ್ತ ಚೀಟಿಯನ್ನು ಜೇಬಿಗೆ ಸೇರಿಸಹೋದೆ. ಅಕ್ಕ ಕಿತ್ತುಕೊಂಡಳು.

ಈಗ ಚಿತ್ರ ಶಾಲೆಯ ಗೋಡೆಯ ಮೇಲಿದೆ, ಚೀಟಿಯ ಸಮೇತ. ಮಕ್ಕಳು ಕುದುರೆಯ ಮುಂದೆ ನಿಂತು ಕಣ್ಣು ಓರೆ ಮಾಡಿ ನಗುತ್ತಾರೆ. ಮೊನ್ನೆ ಹೋದಾಗ ಒಬ್ಬ ಹುಡುಗಿ ನನ್ನನ್ನೇ ಕೇಳಿದಳು: “ಯಾವ ಮೊಮ್ಮಗರಿ ಇದನ್ನ ಬರದಾಂವ?”

“ಅಕ್ಕೋರಿಗೆ ಮೊಮ್ಮಕ್ಕಳು ಭಾಳ ಮಂದಿ ಅದಾರವ್ವ,” ಎಂದೆ.