ಮಾಮಾ, ಸೈಡ್ ಕೊಡ್ರಿ!

ದುರುಗೇಶನ ಸಿಟ್ಟಿಗೆ ಮೂಲಕಾರಣ ಮೂರೇ ಮೂರು ಮಾತು: "ಮಾಮಾ, ಸೈಡ್ ಕೊಡ್ರಿ!"

ಈ ಮಾತನ್ನು ಅಂದವನು ಹೆಂಡತಿಯ ತಮ್ಮ ಶಿವರಾಜ. ಅಂದದ್ದು ಸಿಂಧನೂರಿನಿಂದ ಮಸ್ಕಿಗೆ ಬರುವ ದಾರಿಯಲ್ಲಿ. ದುರುಗೇಶ ತನ್ನ ನೂರು ಸಿಸಿ ಗಾಡಿಯ ಟ್ಯಾಂಕಿನ ಮೇಲೆ ಮಾವ ಕೊಟ್ಟ ಅರ್ಧ ಚೀಲ ಅಕ್ಕಿ, ಹಿಂದಿನ ಸೀಟಿನಲ್ಲಿ ಮಾವ ಕೊಟ್ಟ ಇಡೀ ಹೆಂಡತಿಯನ್ನು ಹೇರಿಕೊಂಡು (ಗಾಡಿಯೂ ಮಾವನೇ ಕೊಟ್ಟದ್ದು, ಆ ವಿಷಯ ಆಮೇಲೆ) ಗಂಭೀರವಾಗಿ ಹೊರಟಿದ್ದ. ಆ ಹುಡುಗ ತನ್ನ ಹೊಸ ಬೈಕಿನಲ್ಲಿ ಹಿಂದಿನಿಂದ ಪೀಂ ಪೀಂ ಎಂದು ಬಂದು, ಮುಖಕ್ಕೆ ಧೂಳು ಹೊಡೆದು ಹೋಗಿಯೇಬಿಟ್ಟ. ಹಿಂದೆ ಕೂತ ಪದ್ಮಾವತಿ ಕಿಸಕ್ಕನೆ ನಕ್ಕಳು.

"ನಿನ್ನ ತಮ್ಮಗ ಸೊಕ್ಕು ಬಂದೈತಿ!"

"ಸೊಕ್ಕಲ್ರೀ, ಗಾಡಿ ಪಿಕಪ್ಪು."

ಆ ಪಿಕಪ್ಪು ಎಂಬ ಪದ ದುರುಗೇಶನ ಎದೆಯಲ್ಲಿ ನೆಟ್ಟು ಕೂತಿತು. ಲಿಂಗಸುಗೂರಿನ ಸರ್ಕಾರಿ ಕಚೇರಿಯಲ್ಲಿ ಎಫ್‌ಡಿಎ ಆದವನಿಗೆ, ದಿನಾ ಮಸ್ಕಿಯಿಂದ ಹೋಗಿ ಬಂದು ನಾಲ್ಕು ಜನರ ಅರ್ಜಿಗೆ ದಾರಿ ತೋರಿಸುವವನಿಗೆ, ನಡುರಸ್ತೆಯಲ್ಲಿ ಸೈಡ್ ಕೊಡು ಅನ್ನುವುದೆಂದರೆ ಏನು? ಎರಡು ತಿಂಗಳು ಹಲ್ಲು ಕಡಿದ. ಮೂರನೆಯ ತಿಂಗಳು ಹೋಗಿ ಟೂರಿಂಗ್ ಬೈಕನ್ನೇ ತಂದ. ಆನೆಯಂಥ ಟ್ಯಾಂಕು, ಮುಂದೆ ಗಾಜಿನ ಪರದೆ, ಎರಡೂ ಪಕ್ಕದಲ್ಲಿ ಅಲ್ಯೂಮಿನಿಯಂ ಡಬ್ಬಿ.

"ಇದು ಲಡಾಖಿಗೆ ಹೋಗೋ ಗಾಡಿ, ತಿಳೀತಾ?"

"ನೀವು ಲಿಂಗಸುಗೂರು ದಾಟಿದ್ದು ಯಾವಾಗ್ರೀ?"

ಹಳೆಯ ಗಾಡಿಯನ್ನು ಮಾರಿಬಿಡೋಣ ಎಂದರೆ ಪದ್ಮಾವತಿ ಸಹಿ ಹಾಕಲಿಲ್ಲ. ಮದುವೆಯಲ್ಲಿ ಮಾವ ಮುದುಕಪ್ಪ ಗಾಡಿ ಕೊಟ್ಟಾಗ ಆರ್‌ಸಿಯನ್ನು ಮಗಳ ಹೆಸರಿಗೇ ಮಾಡಿಸಿದ್ದ (ಅಳಿಯನನ್ನು ಮೊದಲ ನೋಟಕ್ಕೇ ಅಳೆದಿದ್ದ ಮನುಷ್ಯ). "ತವರಿನ ಗಾಡಿ ತವರಾಗ ಇರ್ಲಿ" ಎಂದು ಆಕೆ ಅದನ್ನು ಸಿಂಧನೂರಿಗೆ ಕಳಿಸಿಬಿಟ್ಟಳು.

ಇನ್ನು ಒಂದು ಗುಟ್ಟು. ಶೋರೂಮಿನಲ್ಲಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ದುರುಗೇಶ ಮಹಾರಾಜನ ಹಾಗೆ ಕೂತಿದ್ದ. ನಿಂಬೆಹಣ್ಣು ತುಳಿಸಿ ಮಸ್ಕಿಗೆ ತಂದು ಮನೆಮುಂದೆ ನಿಲ್ಲಿಸುವಾಗ ಕಾಲು ಇಳಿಬಿಟ್ಟರೆ, ಅಲ್ಲಿ ನೆಲವೇ ಇರಲಿಲ್ಲ! ಪುಣ್ಯಕ್ಕೆ ಮನೆಯ ಕಟ್ಟೆ ಇತ್ತು, ಎಡಗಾಲು ಅದಕ್ಕೆ ಸಿಕ್ಕಿ ಮಾನ ಉಳಿಯಿತು. ಐದಡಿ ಎರಡಿಂಚಿನ ದುರುಗೇಶ ಅಂದಿನಿಂದ ಎತ್ತರದ ಜಾಗ ನೋಡಿಯೇ ಗಾಡಿ ನಿಲ್ಲಿಸತೊಡಗಿದ. ಮನೆಯಲ್ಲಿ ಕಟ್ಟೆ, ಕಚೇರಿಯಲ್ಲಿ ಮೆಟ್ಟಿಲು, ನಡುವೆ ದಸ್ತಗೀರ್‌ಸಾಬನ ಚಹಾದಂಗಡಿ ಮುಂದಿನ ಬಂಡೆಗಲ್ಲು. ಬೇರೆಲ್ಲೂ ಚಹಾ ಕುಡಿಯುವುದನ್ನೇ ಬಿಟ್ಟ. ಹೆಂಡತಿಗೆ ಇದರ ಸುಳಿವು ಸಿಗಬಾರದು, ಸಿಕ್ಕರೆ ಸಂಜೆಯೊಳಗೆ ಸಿಂಧನೂರಿಗೆ ಮುಟ್ಟುತ್ತದೆ.

ಅಷ್ಟರಲ್ಲಿ ಶಿವರಾಜನ ಮಗಳ ತೊಟ್ಟಿಲ ಕಾರ್ಯ ಬಂತು. ಪದ್ಮಾವತಿ ಸೋದರತ್ತೆ. ಹನ್ನೊಂದು ಗಂಟೆಯೊಳಗೆ ಆಕೆಯೇ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಸುತ್ತ ನಿಂತ ಹೆಂಗಸರು ಆಕೆಯ ಬೆನ್ನಿಗೆ ಗುದ್ದಬೇಕು. ದುರುಗೇಶನಿಗೆ ಇದೇ ಬೇಕಾಗಿತ್ತು. ತುಂಬಿದ ಓಣಿಯಲ್ಲಿ, ಶಿವರಾಜನ ಕಣ್ಣೆದುರಿಗೆ ಗುಡುಗುಡು ಎಂದು ಹೋಗಿ ಇಳಿಯಬೇಕು. ಮಾವನ ಮನೆಯ ಕಟ್ಟೆಯಂತೂ ಇದ್ದೇ ಇದೆ, ಹನ್ನೊಂದು ವರ್ಷ ಕೂತು ಸವೆಸಿದ ಕಟ್ಟೆ. ಎರಡು ದಿನ ಮೊದಲೇ ಫೋನು ಹಚ್ಚಿ ಮಾವನಿಗೂ ಜಬರ್ದಸ್ತಿಯಿಂದ ಹೇಳಿದ: "ದೊಡ್ಡ ಗಾಡಿ ತರಾಕತ್ತೀನಿ. ಮನಿ ಮುಂದ ಜಾಗ ಮಾಡ್ಸಿ ಇಡ್ರಿ!"

ಹೊರಡುವ ದಿನ ಮೊದಲ ಜಗಳ ಡಬ್ಬಿಯದು. ರೇಷ್ಮೆ ಸೀರೆ ಉಟ್ಟ ಪದ್ಮಾವತಿ ಒಂದೇ ಕಡೆ ಕಾಲು ಹಾಕಿ ಕೂಡುವವಳು. ಕಾಲಿಡುವ ಜಾಗದಲ್ಲಿ ಎಡಡಬ್ಬಿ ಠಿಕಾಣಿ ಹೂಡಿತ್ತು.

"ಡಬ್ಬಿ ಇಳಸ್ತೀರೋ, ನಾ ಇಳೀಲೋ?"

"ಟೂರಿಂಗ್ ಗಾಡಿಗೆ ಡಬ್ಬೀನ ಶೋಭಾ!"

"ಹಂಗಾದ್ರ ಡಬ್ಬೀನ ಕರ್ಕೊಂಡು ಹೋಗ್ರಿ, ಅದಾ ಹೆಸರು ಹೇಳ್ಲಿ."

ಡಬ್ಬಿ ಇಳಿಯಿತು. ಹತ್ತೂಕಾಲಿಗೆ ಹೊರಟು ಹತ್ತೂಮುಕ್ಕಾಲಿಗೆ ಸಿಂಧನೂರಿನ ಓಣಿ ಹೊಕ್ಕರು. ಶಾಮಿಯಾನ, ಮೈಕಿನಲ್ಲಿ ಹಾಡು, ಹೊಸ ಸೀರೆಗಳು, ಬಾಗಿಲಲ್ಲಿ ಆರತಿ ಹಿಡಿದ ಶಿವರಾಜನ ಹೆಂಡತಿ ದೀಪಾ. ದುರುಗೇಶ ಎದೆ ಉಬ್ಬಿಸಿ ಎಡಗಾಲು ಚಾಚಿದ.

ಕಟ್ಟೆ ಇಲ್ಲ!

ಕಟ್ಟೆ ಇದ್ದಲ್ಲಿ ನುಣ್ಣನೆ ಸಿಮೆಂಟಿನ ಇಳಿಜಾರು. ನಿಲ್ಲಿಸಿದರೆ ಗಾಡಿ, ಹೆಂಡತಿ, ತಾನು ಮೂವರೂ ಆರತಿಯ ಮುಂದೆ ಅಡ್ಡ ಬೀಳುವುದು ಖಂಡಿತ. ಕಾಲು ಎತ್ತಿಕೊಂಡು ಮುಂದಕ್ಕೇ ಹೋದ.

"ರೀ, ಮನಿ ಹಿಂದಾತು!"

"ಗೊತ್ತೈತಿ! ಗಾಡಿ ಬಿಸಿ ಐತಿ, ಒಂದ್ ಸುತ್ತು ತಣ್ಣಗ ಮಾಡ್ತೀನಿ."

ಓಣಿಯ ತುದಿಯ ಹನುಮಪ್ಪನ ಗುಡಿ ಸುತ್ತಿ ಮತ್ತೆ ಬಂದ. ಒಂದು ಕಲ್ಲಿಲ್ಲ, ಮೆಟ್ಟಿಲಿಲ್ಲ. ದೀಪಾ ಆರತಿ ಎತ್ತಿದಳು, ಇಳಿಸಿದಳು. ಮೂರನೆಯ ಸುತ್ತಿಗೆ ಎದುರು ಮನೆಯ ಮುದುಕಿ ಶಿವಲಿಂಗಮ್ಮ ಕೈ ಮುಗಿದು, "ಮುದುಕಪ್ಪನ ಅಳಿಯ ಹರಕಿ ಹೊತ್ತಾನೇನಬೇ? ಗಾಡಿ ಮ್ಯಾಲೇ ಪ್ರದಕ್ಷಿಣಿ ಹಾಕಾಕತ್ತಾನ!" ಎಂದಳು.

"ಹನ್ನೊಂದಾತು! ನಿಲ್ಲಸ್ರೀ! ನನ್ನ ತವರಾಗ ನನ್ನ ಮಾನ ಕಳೀಬೇಕಂತ ಮಾಡೀರೇನು?" ಪದ್ಮಾವತಿ ಬೆನ್ನಿಗೆ ಗುದ್ದಿದಳು. (ಆಕೆಗೆ ಬೀಳಬೇಕಾದ ಗುದ್ದು ಈತನಿಗೆ ಮುಂಗಡವಾಗಿ ಬಿತ್ತು.)

ಹೆಲ್ಮೆಟ್ಟಿನೊಳಗೆ ಕುದಿಯುತ್ತಿದ್ದ ದುರುಗೇಶ ತಡೆಯಲಾರದೆ ಗಂಟಲು ಹರಿಯುವಂತೆ ಒದರಿದ: "ಹ್ಯಾಂಗ ನಿಲ್ಲಸ್ಲೇ? ನನ್ನ ಕಾಲು ನೆಲಕ್ಕ ಮುಟ್ಟಂಗಿಲ್ಲ!"

ಅದೇ ಗಳಿಗೆಯಲ್ಲಿ ಮೈಕಿನ ಹಾಡು ಮುಗಿದಿತ್ತು. ಇಡೀ ಓಣಿಗೆ ಕೇಳಿಸಿತು.

ಶಿವರಾಜ ಓಡಿ ಬಂದು ಹೋರಿ ಹಿಡಿದಂತೆ ಹ್ಯಾಂಡಲ್ ಹಿಡಿದ. ಅಕ್ಕ ಜಿಗಿದು ಒಳಗೆ ಓಡಿದಳು. ಮಾವ ಮುದುಕಪ್ಪ ಬಂದು ಗಾಬರಿಯಿಂದ, "ಅಳಿಯಂದ್ರೇ, ಗಾಡಿಗೆ ಜಾಗ ಮಾಡ್ಸಂತ ನೀವಾ ಫೋನ್ ಹಚ್ಚಿದ್ರಲ್ಲ? ಅದಕ್ಕಾ ಮೊನ್ನಿ ಕಟ್ಟಿ ಒಡಿಸಿ ಇಳಿಜಾರು ಮಾಡಿಸೀನಿ. ಸಣ್ಣದಾತೇನ್ರೀ?" ಎಂದ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ದುರುಗೇಶ ಆ ಹೊಸ ಸಿಮೆಂಟನ್ನೇ ದುರುಗುಟ್ಟಿ ನೋಡಿದ.

ಹೆಸರು ಐದು ನಿಮಿಷ ತಡವಾಗಿ ಕೂಸಿನ ಕಿವಿ ಸೇರಿತು. ಗುದ್ದಿಸಿಕೊಂಡು ಹೊರಬಂದ ಪದ್ಮಾವತಿ ಗಂಡನ ಮುಖ ನೋಡಲಿಲ್ಲ. ಊಟವಾದ ಮೇಲೆ ಅಪ್ಪನ ಮುಂದೆ ಕೈ ಚಾಚಿದಳು: "ಅಪ್ಪಾ, ನನ್ನ ಗಾಡಿ ಕೀಲಿ ಕೊಡು. ಶಿವ್ಯಾ, ನಿಮ್ಮ ಮಾಮಾನ ಗಾಡಿ ನೀ ಮಸ್ಕಿಗೆ ತಂದು ಮುಟ್ಟಿಸು. ನಿನ್ನ ಕಾಲಾದ್ರೂ ಉದ್ದ ಅದಾವು."

ಹಳೆಯ ಗಾಡಿಯ ಟ್ಯಾಂಕಿನ ಮೇಲೆ ಮತ್ತೆ ಅರ್ಧ ಚೀಲ ಅಕ್ಕಿ, ಹಿಂದೆ ಮಾತು ಬಿಟ್ಟ ಹೆಂಡತಿ. ದುರುಗೇಶ ದಾರಿಯುದ್ದಕ್ಕೂ ಮಾವನನ್ನು, ಸಿಮೆಂಟನ್ನು, ಮೈಕಿನವನನ್ನು ಸಾಲಾಗಿ ಬೈದ. ಮಸ್ಕಿ ಇನ್ನೂ ಅರ್ಧ ದಾರಿ ಇರುವಾಗ ಹಿಂದಿನಿಂದ ಗುಡುಗುಡು ಸದ್ದು. ತಿರುಗಿ ನೋಡಲಿಲ್ಲ, ನೋಡುವ ಅಗತ್ಯವೂ ಇರಲಿಲ್ಲ. ಈ ಸಲ ಶಿವರಾಜ ಪಾಪ ಬಾಯಿ ಬಿಚ್ಚಲಿಲ್ಲ, ಮರ್ಯಾದೆಯಿಂದ ಹಿಂದೆಯೇ ಬರುತ್ತಿದ್ದ. ಪದ್ಮಾವತಿಯೇ ಭುಜ ತಟ್ಟಿದಳು.

"ರೀ, ಸೈಡ್ ಕೊಡ್ರಿ. ನಿಮ್ಮ ಗಾಡಿ ಬರಾಕತ್ತೈತಿ."

ದುರುಗೇಶ ಹಲ್ಲು ಕಡಿಯುತ್ತಲೇ ರಸ್ತೆಯ ಪಕ್ಕದ ಮಣ್ಣಿಗಿಳಿಸಿ ನಿಲ್ಲಿಸಿದ. ಎರಡೂ ಕಾಲು ನೆಲಕ್ಕೆ ಮುಟ್ಟಿದವು.