ಖಡಕ್ ರೊಟ್ಟಿ ಮತ್ತು ಓಡುವ ದಿನಚರಿ

ದಿನಚರಿ ಬರೆಯುವುದರಲ್ಲಿ ನನ್ನಷ್ಟು ಶಿಸ್ತಿನ ಮನುಷ್ಯ ಸೊಲ್ಲಾಪುರದಲ್ಲಿ ಇನ್ನೊಬ್ಬನಿಲ್ಲವೆಂದು ನಾನು ದೃಢವಾಗಿ ನಂಬಿದ್ದೆ. ಹಾಲಿನವನು ಬಂದ ಹೊತ್ತು, ನಲ್ಲಿಗೆ ನೀರು ಬಂದ ದಿನ, ಪಕ್ಕದ ಮನೆಯ ಮಗ್ಗ ನಿಂತ ಗಳಿಗೆ, ಎಲ್ಲವೂ ದಾಖಲು. ಇತ್ತೀಚೆಗೆ ಅದನ್ನು ಕಂಪ್ಯೂಟರಿನಲ್ಲೇ ಬರೆಯುತ್ತೇನೆ. ಯಾರೋ ಪುಣ್ಯಾತ್ಮರು ಕೂಡಿ ಮಾಡಿ, ಪುಕ್ಕಟೆ ಹಂಚಿದ ತಂತ್ರಾಂಶ. ಒಳಗಿನ ಕೋಡನ್ನೂ ಎಲ್ಲರಿಗೆ ತೆರೆದಿಟ್ಟಿದ್ದಾರೆ. ದೋಷ ಕಂಡವರು ತಿಳಿಸಿ, ತಿದ್ದಬಲ್ಲವರು ತಿದ್ದಿ ಎಂಬ ಆಹ್ವಾನ ಬೇರೆ.

ಹೆಂಡತಿ ಸುಮಂಗಲಾ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಅವಳ ತಾಯಿ ಸೊಂಟ ಮುರಿದುಕೊಂಡು ಮಲಗಿದಾಗಿನಿಂದ ವಾರವಿಡೀ ಅಲ್ಲೇ ಇರುತ್ತಾಳೆ. ಶನಿವಾರ ಸಂಜೆ ಬಂದು, ಭಾನುವಾರ ವಾರಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದಿಟ್ಟು, ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಾಳೆ. ಉಳಿದಂತೆ ಮನೆಯಲ್ಲಿ ನಾನು, ರೊಟ್ಟಿ ಡಬ್ಬಿ, ನಂಜಿಕೊಳ್ಳಲು ಶೇಂಗಾ ಹಿಂಡಿ.

ಒಂದು ಸೋಮವಾರ ಸಂಜೆ ಉಣ್ಣುತ್ತ ಬರೆಯಲು ಕೂತೆ. ಕೀ ಒತ್ತಿ ನಿನ್ನೆಯ ಪುಟ ಮಗುಚಿದೆ. ಇವತ್ತು ಬಂತು. ಆದರೆ ನಿಲ್ಲಲಿಲ್ಲ. ಮಂಗಳವಾರ ಬಂತು, ಬುಧವಾರ ಬಂತು. ರೊಟ್ಟಿ ಮುಗಿಯುವಷ್ಟರಲ್ಲಿ ದೀಪಾವಳಿ ದಾಟಿ ಸಂಕ್ರಾಂತಿಗೆ ಹೋಗಿದ್ದೆ. ಎಲ್ಲ ಪುಟವೂ ಖಾಲಿ!

ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಲು ಸುಮಂಗಲಾ ಫೋನಿನಲ್ಲಿ ಹೇಳಿದಳು. ಇಪ್ಪತ್ತಾರು ವರ್ಷ ಕಾರಕೂನಿಕೆ ಮಾಡಿದವನಿಗೆ ಅಷ್ಟು ಸಣ್ಣ ಪರಿಹಾರ ಒಗ್ಗುವುದಿಲ್ಲ. ತಂತ್ರಾಂಶದವರಿಗೆ ಕಚೇರಿಯ ಇಂಗ್ಲಿಷಿನಲ್ಲಿ ವಿಧಿವತ್ತಾಗಿ ದೋಷ ವರದಿ ಸಲ್ಲಿಸಿದೆ.

ಮರುದಿನವೇ ಉತ್ತರ ಬಂತು. ತಂತ್ರಾಂಶವನ್ನು ನೋಡಿಕೊಳ್ಳುವ ಯೋನಸ್ ಎಂಬ ದೂರದೇಶದವನು, ದೋಷ ಬರುವ ಮುಂಚೆ ಏನೇನು ಮಾಡಿದಿರಿ, ಹಂತಹಂತವಾಗಿ ಬರೆಯಿರಿ ಎಂದು ಕೇಳಿದ್ದ. ಇಂಥ ಪ್ರಶ್ನೆಯನ್ನು ನನ್ನ ಆಯುಷ್ಯದಲ್ಲಿ ಯಾರೂ ಕೇಳಿರಲಿಲ್ಲ! ಬೀಗ ತೆಗೆದಲ್ಲಿಂದ ಶುರುಮಾಡಿ ಹತ್ತೊಂಬತ್ತು ಹಂತ ಬರೆದೆ. ಅವನು ಇನ್ನಷ್ಟು ಕೇಳಿದ. ನಾನು ಇನ್ನಷ್ಟು ಬರೆದೆ. ಉತ್ತರ ಬಂದಿರುತ್ತದೆಂದು ಕಚೇರಿಯಿಂದ ನೆಟ್ಟಗೆ ಮನೆಗೆ ಬರತೊಡಗಿದೆ.

ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವ ನಮ್ಮ ದೇಶದ ಗಡಿಯಾರದ ಆ ಅರ್ಧ ಗಂಟೆಯೇ ಕಾರಣವೆಂದು ಯೋನಸ್ ತಾರೀಖಿನ ಕೋಡನ್ನೇ ಹೊಸದಾಗಿ ಬರೆದ. ಗುಣವಾಗಲಿಲ್ಲ. ಬ್ರೆಜಿಲಿನವನೊಬ್ಬ ತನಗೂ ಹೀಗೇ ಆಗುತ್ತಿದೆಯೆಂದ. ಇನ್ನೊಬ್ಬ ಬಂದು ಇಬ್ಬರೊಡನೆಯೂ ವಾದ ಹೂಡಿದ. ನನ್ನೊಬ್ಬನ ದಿನಚರಿಗಾಗಿ ಮೂರು ಖಂಡಗಳು ತಲೆ ಕೆಡಿಸಿಕೊಂಡವು. ದೋಷ ಇಷ್ಟು ಬೇಗ ಸಿಗದಿರಲಿ ಎಂದು ನನಗೆ ಅನಿಸತೊಡಗಿದ್ದೂ ಸುಳ್ಳಲ್ಲ.

ಎರಡನೆಯ ಭಾನುವಾರ ಸುಮಂಗಲಾ ಧೂಳು ಒರೆಸುತ್ತ ಕೀಬೋರ್ಡನ್ನು ಬೋರಲು ಹಾಕಿ ಪೇಪರಿನ ಮೇಲೆ ಕುಟ್ಟಿದಳು. ಚಿಟಿಕೆ ಶೇಂಗಾ ಹಿಂಡಿ ಉದುರಿತು. ಹಿಂದೆಯೇ ಜೋಳದ ರೊಟ್ಟಿಯ ಚೂರು. ಒಮ್ಮೆ ಒತ್ತಿದರೆ ಕಚ್ಚಿಕೊಂಡು ಕೂರುತ್ತಿದ್ದ ಪುಟ ಮಗುಚುವ ಕೀ ಟಕ್ಕನೆ ಮೇಲೆದ್ದಿತು.

"ಇದಕ್ಕೂ ಉಣ್ಣಾಕ ಹಾಕೀರೇನ್ರಿ?" ಎಂದು ನಕ್ಕವಳು ಪರದೆಯ ಮೇಲಿದ್ದ ನನ್ನ ವರದಿ ಓದತೊಡಗಿದಳು. ಹನ್ನೊಂದನೆಯ ಹಂತಕ್ಕೆ ಬಂದು ನಿಂತಳು: 'ಅಡುಗೆಮನೆಯಲ್ಲಿ ಎದುರಿಗೆ ಯಾರೂ ಇಲ್ಲದ ಪ್ರಯುಕ್ತ, ಕಂಪ್ಯೂಟರ್ ಮುಂದೆ ಊಟಕ್ಕೆ ಕುಳಿತೆನು.'

"ಇದನ್ನ ಜಗತ್ತಿಗೆಲ್ಲಾ ಹೇಳೀರಿ. ನನಗ ಯಾಕ ಹೇಳಲಿಲ್ಲ?"

"ನೀ ಹಂತ ಕೇಳಿರಲಿಲ್ಲಲ್ಲ," ಎಂದೆ.

ಅವಳು ನಗಲಿಲ್ಲ. ರೊಟ್ಟಿ ಬಡಿಯಲು ಒಳಗೆ ಹೋದಳು. ಆ ವಾರದ ರೊಟ್ಟಿ ತುಸು ದಪ್ಪ ಬಂದವು.

ಸೋಮವಾರ ಯೋನಸನಿಗೆ ತಪ್ಪೊಪ್ಪಿಗೆ ಬರೆದೆ. ಮೂರು ಸಲ ಬರೆದು ಅಳಿಸಿ, ನಾಲ್ಕನೆಯ ಸಲ ಕಳಿಸಿದೆ. ಪುಣ್ಯಾತ್ಮ ಸಿಟ್ಟಾಗಲಿಲ್ಲ. ಪುಟಗಳು ತಾವಾಗಿ ಓಡಿದರೆ ಮೊದಲು ಕೀಬೋರ್ಡ್ ಬೋರಲು ಹಾಕಿ ಅಲ್ಲಾಡಿಸಿ ಎಂಬ ಸಾಲನ್ನು ಕೈಪಿಡಿಗೆ ಸೇರಿಸಿ, ಕೊಡುಗೆ ನೀಡಿದವರ ಪಟ್ಟಿಯಲ್ಲಿ ನನ್ನ ಹೆಸರು ಹಾಕಿದ. ಕೋಡ್ ಬರೆದವರ ನಡುವೆ ರೊಟ್ಟಿ ಉದುರಿಸಿದವನೊಬ್ಬ! ವರದಿಯ ಕೆಳಗೆ 'ಮುಗಿದಿದೆ' ಎಂಬ ಮುದ್ರೆ ಬಿತ್ತು. ಆಮೇಲೆ ಯಾರೂ ಏನೂ ಕೇಳಲಿಲ್ಲ.

ಈಗ ಉಣ್ಣುವಾಗ ಕೀಬೋರ್ಡಿನ ಮೇಲೆ ಟವೆಲ್ ಹೊದಿಸುತ್ತೇನೆ. ದಿನಚರಿ ನೇಮದಿಂದ ಒಂದೊಂದೇ ದಿನ ಮುಂದೆ ಹೋಗುತ್ತದೆ. ಸೋಮವಾರದಿಂದ ಶನಿವಾರಕ್ಕೆ ಬರಲು ಪೂರಾ ಐದು ದಿನ ಹಿಡಿಯುತ್ತದೆ. ಈ ದೋಷವನ್ನೂ ವರದಿ ಮಾಡೋಣವೆಂದು ಎರಡು ಸಲ ಕೂತೆ. ಮಾಡಲಿಲ್ಲ. ಯೋನಸ್ ಕೀಬೋರ್ಡ್ ಅಲ್ಲಾಡಿಸಿ ನೋಡಿ ಅಂತಾನೆ!